ಅಂಗೈಯಲ್ಲೊಂದು ಅಂಜನ

ಭಾನುವಾರ, ಬೆಳಗಿನ ಎಂಟು ಗಂಟೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಒಂದು ಒಳಗಲ್ಲಿಯಲ್ಲಿ ನಾನು ಕಳೆದುಹೋಗಿದ್ದೆ. ಹುಡುಕುತ್ತಿದ್ದದ್ದು ಹಳೇ ಪುಸ್ತಕಗಳಿಗೆ ರಟ್ಟು ಹಾಕಿಕೊಡುವ ಬೈಂಡಿಂಗ್ ಅಂಗಡಿ. ಫೋನಿನ ನಕ್ಷೆಯಲ್ಲಿ ‘ನಾನು’ ಎಂಬ ನೀಲಿ ಚುಕ್ಕೆ ಹುಚ್ಚು ಹಿಡಿದಂತೆ ಕುಣಿಯುತ್ತಿತ್ತು. ಈಗ ಪಕ್ಕದ ಬೀದಿಯಲ್ಲಿ, ಮರುಕ್ಷಣ ಯಾರದೋ ಗೋಡೆಯೊಳಗೆ, ಆಮೇಲೆ ಯಾವುದೋ ತಾರಸಿಯ ನಡುಮಧ್ಯೆ! ಜೊತೆಗಿದ್ದ ಅಕ್ಕನ ಮಗಳು ನಕ್ಕಳು. ಇಂಜಿನಿಯರಿಂಗ್ ಎರಡನೇ ವರ್ಷದ ಹುಡುಗಿ.

“ಮಾಮ, ಅದಕ್ಕೆ ದಾರಿ ಗೊತ್ತು. ತಾನೆಲ್ಲಿದೀನಿ ಅನ್ನೋದೇ ಗೊತ್ತಿಲ್ಲ. ಫೋನ್ ಎತ್ತಿ ಹಿಡೀರಿ. ಎದುರಿನ ಕಟ್ಟಡ ತೋರಿಸಿ ಅದಕ್ಕೆ.”

ಯಂತ್ರಕ್ಕೆ ಕಟ್ಟಡ ತೋರಿಸುವುದೆ? ಮಗುವಿಗೆ ಚಂದಮಾಮನನ್ನು ತೋರಿಸಿದ ಹಾಗೆ? ಎತ್ತಿ ಹಿಡಿದೆ. ಪರದೆಯ ಮೇಲೆ ನನ್ನೆದುರಿನ ಗಲ್ಲಿಯೇ ಮೂಡಿತು: ಮುಚ್ಚಿದ ಷಟರ್, ಜೋತುಬಿದ್ದ ಕೇಬಲ್, ಬಣ್ಣ ಮಾಸಿದ ಬೋರ್ಡು. ಅದರ ಮೇಲೆ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳು ಮಿಣುಕಿದವು. ಒಂದು ಕ್ಷಣ, ಎರಡು ಕ್ಷಣ. ಥಟ್ಟನೆ ರಸ್ತೆಯ ಮೇಲೆ, ಗಾಳಿಯಲ್ಲಿ, ಎಡಕ್ಕೆ ಬಾಗಿದ ದೊಡ್ಡದೊಂದು ನೀಲಿ ಬಾಣ! ಫೋನನ್ನು ಬಲಕ್ಕೆ ತಿರುಗಿಸಿದೆ. ಬಾಣ ಪರದೆಯಿಂದ ಜಾರಿ ಹೋಯಿತು. ಮತ್ತೆ ಎಡಕ್ಕೆ ತಂದೆ. ಅದೇ ಜಾಗದಲ್ಲಿ, ಅದೇ ಕಂಬದ ಪಕ್ಕದಲ್ಲಿ, ಮೊಳೆ ಹೊಡೆದು ನಿಲ್ಲಿಸಿದಂತೆ ನಿಂತಿತ್ತು. ಹತ್ತಿರ ಹೋದೆ, ದೊಡ್ಡದಾಯಿತು. ಇಲ್ಲದ ವಸ್ತುವೊಂದು ಇರುವ ಬೀದಿಯಲ್ಲಿ ತನ್ನದೇ ಜಾಗ ಹಿಡಿದು ನಿಂತಿತ್ತು.

ಅಂಗಡಿ ಸಿಕ್ಕಿತು. ಪುಸ್ತಕ ಕೊಟ್ಟೆ. ಆದರೆ ಆ ಬಾಣ ತಲೆಯಿಂದ ಇಳಿಯಲಿಲ್ಲ. ರಾತ್ರಿ ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಎಳ್ಳಷ್ಟೂ ಆಶ್ಚರ್ಯವಾಗಲಿಲ್ಲ.

“ಓ, ಅಂಜನ ಹಾಕಿ ನೋಡಿದ ಹಾಗೆ ಅನ್ನು. ನಮ್ಮೂರಲ್ಲಿ ಎಮ್ಮೆ ಕಳೆದಾಗ ನೋಡ್ತಿರಲಿಲ್ವೇನೋ?”

ವೀಳ್ಯದೆಲೆಗೆ ಕಪ್ಪು ಅಂಜನ ಸವರಿ, ಪುಟ್ಟ ಮಗುವಿನ ಕೈಗಿಟ್ಟು, ‘ಏನು ಕಾಣುತ್ತೆ ನೋಡು’ ಎನ್ನುತ್ತಿದ್ದ ಆ ಆಟ! ಕಳೆದುಹೋದದ್ದೆಲ್ಲ ಅಂಗೈಯ ಕಪ್ಪಿನಲ್ಲಿ ಕಾಣುತ್ತದಂತೆ. ನಾನು ನಕ್ಕು ಫೋನ್ ಇಟ್ಟೆ. ಅಮ್ಮನ ಆ ಮಾತು ಎಷ್ಟು ನಿಜವೆಂದು ತಿಳಿಯಲು ನನಗೆ ಮುಂದೆ ಹಲವು ವಾರ ಹಿಡಿಯಿತು. ಏಕೆಂದರೆ ಆ ಬಾಣದ ಬೆನ್ನು ಹತ್ತಿ ಹೊರಟವನು ಆಕಾಶದ ಅಣುಗಡಿಯಾರಗಳಿಗೂ, ನನ್ನದೇ ಕಿವಿಯೊಳಗಿನ ಸುಣ್ಣದ ಹರಳುಗಳಿಗೂ, ಹಂಪಿಯ ಕಲ್ಲಿನ ಕುಳಿಗಳಿಗೂ ಹೋಗಿ ಮುಟ್ಟಿದೆ!

ತೂಗುಗತ್ತಿಯ ಕೆಳಗೆ

ಕಥೆ ಶುರುವಾಗುವುದು ಒಂದು ಚಾವಣಿಯಿಂದ. 1968, ಅಮೆರಿಕ. ಐವಾನ್ ಸದರ್ಲ್ಯಾಂಡ್ ಎಂಬ ಕಂಪ್ಯೂಟರ್ ವಿಜ್ಞಾನಿ ತಲೆಗೆ ತೊಡುವ ಒಂದು ಯಂತ್ರವನ್ನು ಜಗತ್ತಿನ ಮುಂದಿಟ್ಟರು. ಎರಡು ಕಣ್ಣಿಗೆ ಎರಡು ಪುಟಾಣಿ ಪಿಕ್ಚರ್ ಟ್ಯೂಬು, ಮುಂದೆ ಅರೆಪಾರದರ್ಶಕ ಕನ್ನಡಿ. ತೊಟ್ಟವರಿಗೆ ಎದುರಿನ ಕೋಣೆಯೂ ಕಾಣುತ್ತಿತ್ತು, ಕೋಣೆಯ ನಡುವೆ ತೇಲುವ, ಬೆಳಕಿನ ಗೆರೆಗಳಿಂದ ಮಾಡಿದ ಘನಾಕೃತಿಯೂ ಕಾಣುತ್ತಿತ್ತು. ತಲೆ ಆಡಿಸಿದರೆ ಅದರ ಇನ್ನೊಂದು ಮಗ್ಗುಲು ಕಾಣುತ್ತಿತ್ತು.

ಆದರೆ ತಲೆ ಎಲ್ಲಿದೆ, ಎತ್ತ ತಿರುಗಿದೆ ಎಂದು ಕಂಪ್ಯೂಟರಿಗೆ ಹೇಳುವವರು ಯಾರು? ಅದಕ್ಕೆಂದೇ ಚಾವಣಿಯಿಂದ ಯಾಂತ್ರಿಕ ತೋಳೊಂದನ್ನು ಇಳಿಬಿಟ್ಟು ತಲೆಗೆ ಬಿಗಿದಿದ್ದರು. ತಲೆ ಅಲ್ಲಾಡಿದಂತೆಲ್ಲ ತೋಳು ಚಾಚುತ್ತಿತ್ತು, ತಿರುಗುತ್ತಿತ್ತು. ಅದರ ಕೀಲುಗಳು ಲೆಕ್ಕ ಒಪ್ಪಿಸುತ್ತಿದ್ದವು. ನೋಡಿದವರಿಗೆ ಗ್ರೀಕ್ ಕಥೆಯ ತೂಗುಗತ್ತಿ ನೆನಪಾಗಿ, ಯಂತ್ರಕ್ಕೆ ‘ಡ್ಯಾಮೊಕ್ಲಿಸನ ಖಡ್ಗ’ ಎಂಬ ಹೆಸರೇ ಅಂಟಿಕೊಂಡಿತು. ತೋಳಿನ ಬದಲು ಇನ್ನೊಂದು ಉಪಾಯವನ್ನೂ ಅವರು ಮಾಡಿ ನೋಡಿದ್ದರು: ತಲೆಯ ಮೇಲಿಂದ ನಮ್ಮ ಕಿವಿಗೆ ಕೇಳದ ಶಬ್ದ ಹೊರಡಿಸುವುದು, ಚಾವಣಿಯ ನಾಲ್ಕು ಮೂಲೆಗಳಲ್ಲಿ ಅದನ್ನು ಕೇಳಿಸಿಕೊಳ್ಳುವುದು. ಬಾವಲಿಯ ವಿದ್ಯೆ!

ಇಲ್ಲೇ ನನಗೆ ಮೊದಲ ಸಲ ಮೈ ಜುಮ್ಮೆಂದದ್ದು. ಚಿತ್ರ ಬಿಡಿಸಿದರಷ್ಟೇ ಸಾಲದೆಂಬುದು ಮೊದಲ ದಿನದಿಂದಲೂ ಗೊತ್ತಿತ್ತು. ಕಷ್ಟದ್ದು ಆ ಚಿತ್ರವನ್ನು ನೆಡುವ ಕೆಲಸ. ಅದಕ್ಕೆ ಬೇಕಾದದ್ದು ಬರೀ ಆರು ಸಂಖ್ಯೆ! ಹಿಂದೆ ಮುಂದೆ, ಎಡ ಬಲ, ಮೇಲೆ ಕೆಳಗೆ ಎಂದು ಎಲ್ಲಿದ್ದೇನೆಂದು ಹೇಳಲು ಮೂರು. ಎತ್ತ ಹೊರಳಿದ್ದೇನೆ, ಎಷ್ಟು ತಲೆ ಎತ್ತಿದ್ದೇನೆ, ಯಾವ ಕಡೆಗೆ ವಾಲಿದ್ದೇನೆಂದು ಹೇಳಲು ಇನ್ನು ಮೂರು. ಈ ಆರು ಸಂಖ್ಯೆಗಳಿಗಾಗಿ ಮನುಷ್ಯ ಅಂದಿನಿಂದ ಮಾಡಿರುವ ಸಾಹಸಗಳಿಗೆ ಲೆಕ್ಕವಿಲ್ಲ.

1990ರ ಹೊತ್ತಿಗೆ ಬೋಯಿಂಗ್ ವಿಮಾನ ಕಂಪನಿಯಲ್ಲಿ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಒಂದು ತಲೆನೋವಿನ ಎದುರು ಕುಳಿತಿದ್ದರು. ವಿಮಾನದೊಳಗಿನ ವೈರುಗಳ ಕಟ್ಟುಗಳನ್ನು ಕೆಲಸಗಾರರು ದೊಡ್ಡ ದೊಡ್ಡ ಹಲಗೆಗಳ ಮೇಲೆ ಒಂದೊಂದಾಗಿ ಜೋಡಿಸಬೇಕಿತ್ತು. ಒಂದೊಂದು ಬಗೆಯ ಕಟ್ಟಿಗೂ ಒಂದೊಂದು ಹಲಗೆ. ಯಾವ ವೈರು ಎಲ್ಲಿ ಹೋಗಬೇಕೆಂಬ ಗೆರೆಯನ್ನು ಹಲಗೆಯ ಬದಲು ಕೆಲಸಗಾರನ ಕಣ್ಣಿನಲ್ಲೇ ಬರೆದರೆ? ಆ ಯೋಚನೆಗೆ ಅವರಿಟ್ಟ ಹೆಸರು ‘ಆಗ್ಮೆಂಟೆಡ್ ರಿಯಾಲಿಟಿ’. ನಮ್ಮ ಕನ್ನಡದಲ್ಲಿ ವರ್ಧಿತ ವಾಸ್ತವ. 1994ರಲ್ಲಿ ಪಾಲ್ ಮಿಲ್‌ಗ್ರಾಮ್ ಮತ್ತು ಫುಮಿಯೊ ಕಿಶಿನೊ ಇಡೀ ಸಂಗತಿಯನ್ನು ಒಂದು ಗೆರೆಯ ಮೇಲೆ ಎಳೆದು ತೋರಿಸಿದರು. ಒಂದು ತುದಿಗೆ ಅಪ್ಪಟ ನಿಜ, ಇನ್ನೊಂದು ತುದಿಗೆ ಅಪ್ಪಟ ಕಲ್ಪನೆ. ನಡುವೆ ಬೆರೆತ ಸೀಮೆಯೆಲ್ಲ ‘ಮಿಕ್ಸ್ಡ್ ರಿಯಾಲಿಟಿ’, ಮಿಶ್ರ ವಾಸ್ತವ. ಇಂದಿನ ಬಳಕೆಯಲ್ಲಿ ಮಿಶ್ರ ವಾಸ್ತವವೆಂದರೆ ಕೋಣೆಯನ್ನು ಅರಿತ ಕಲ್ಪನೆ. ಇಲ್ಲದ ಚೆಂಡು ಇರುವ ಮಂಚದ ಕೆಳಗೆ ಉರುಳಿ ಮರೆಯಾಗಬೇಕು!

1997ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ಟೀವನ್ ಫೈನರ್ ತಂಡ ಈ ವಿದ್ಯೆಯನ್ನು ಚಾವಣಿಯಿಂದ ಬಿಡಿಸಿ ಬಯಲಿಗೆ ತಂದಿತು. ಬೆನ್ನಿಗೆ ಕಂಪ್ಯೂಟರಿನ ಚೀಲ, ತಲೆಗೆ ಕನ್ನಡಕ, ಜಿಪಿಎಸ್ ಆಂಟೆನಾ. ಕ್ಯಾಂಪಸ್ಸಿನಲ್ಲಿ ನಡೆದರೆ ಕಟ್ಟಡಗಳ ಮೇಲೆ ಅವುಗಳ ಹೆಸರು ತೇಲುತ್ತಿತ್ತು. ಆ ‘ಟೂರಿಂಗ್ ಮಷೀನ್’ ಹೊತ್ತವರನ್ನು ಕಂಡವರು ಏನಂದುಕೊಂಡರೋ! ಬೆನ್ನಿನ ಆ ಮೂಟೆಯೇ ಈಗ ನಮ್ಮ ಅಂಗಿ ಜೇಬಿನಲ್ಲಿದೆ.

ಆಕಾಶದ ಗಡಿಯಾರಗಳು

ಈಗ ತಲೆ ಎತ್ತಿ. 20,200 ಕಿಲೋಮೀಟರ್ ಮೇಲೆ ಜಿಪಿಎಸ್ ಉಪಗ್ರಹಗಳು ಸುತ್ತುತ್ತಿವೆ. ಅವು ನಿಮ್ಮನ್ನು ನೋಡುತ್ತಿಲ್ಲ, ಹುಡುಕುತ್ತಲೂ ಇಲ್ಲ. ಬಸ್ ಸ್ಟ್ಯಾಂಡಿನ ಮೈಕಿನಂತೆ ಒಂದೇ ಮಾತು ಕೂಗುತ್ತಿರುತ್ತವೆ: ‘ನಾನು ಇಂಥವನು, ಇಲ್ಲಿದ್ದೇನೆ, ಈಗ ಇಷ್ಟು ಹೊತ್ತು.’ ಆ ಕೂಗು ನೆಲ ಮುಟ್ಟುವ ಹೊತ್ತಿಗೆ ಎಷ್ಟು ಬಡಕಲಾಗಿರುತ್ತದೆಂದರೆ, ಸುತ್ತಲಿನ ವಿದ್ಯುತ್ ಗದ್ದಲಕ್ಕಿಂತಲೂ ಕೆಳಗೆ ಹೂತುಹೋಗಿರುತ್ತದೆ. ಜಾತ್ರೆಯ ಗಲಾಟೆಯಲ್ಲಿ ತಾಯಿ ತನ್ನ ಮಗುವಿನ ಅಳುವನ್ನು ಹೆಕ್ಕಿ ಗುರುತಿಸುವಂತೆ, ಫೋನು ತನಗೆ ಮೊದಲೇ ಗೊತ್ತಿರುವ ಸಂಕೇತವನ್ನು ಹೋಲಿಸಿ ಹೋಲಿಸಿ ಅದನ್ನು ಹೆಕ್ಕುತ್ತದೆ. ನಾಲ್ಕು ಉಪಗ್ರಹಗಳ ದನಿ ಸಿಕ್ಕರೆ ಸಾಕು. ಯಾವ ದನಿ ಎಷ್ಟು ತಡವಾಗಿ ಬಂತೆಂಬ ಲೆಕ್ಕದಿಂದ ದೂರ, ದೂರಗಳಿಂದ ಜಾಗ.

ತಡವೆಂದರೆ ಎಂಥ ತಡ! ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಓಡುತ್ತದೆ. ನಮ್ಮ ಶಾಲೆಯ ಅಡಿಪಟ್ಟಿಯಷ್ಟು ಉದ್ದ. ಗಡಿಯಾರ ಒಂದು ಮೈಕ್ರೊಸೆಕೆಂಡ್ ತಪ್ಪಿದರೆ ನೀವು 300 ಮೀಟರ್ ಆಚೆ ಬೀಳುತ್ತೀರಿ. ಅದಕ್ಕೇ ಅಣುಗಡಿಯಾರ. ಅಷ್ಟಕ್ಕೇ ಮುಗಿಯಲಿಲ್ಲ, ಇಲ್ಲಿ ಐನ್‌ಸ್ಟೈನ್ ಬಂದು ಕೂರುತ್ತಾರೆ! ಭೂಮಿಯ ಸೆಳೆತ ಕಡಿಮೆಯಿರುವ ಆ ಎತ್ತರದಲ್ಲಿ ಕಾಲ ದಿನಕ್ಕೆ 45 ಮೈಕ್ರೊಸೆಕೆಂಡ್ ಬೇಗ ಓಡುತ್ತದೆ. ಉಪಗ್ರಹದ ವೇಗದಿಂದಾಗಿ 7 ಮೈಕ್ರೊಸೆಕೆಂಡ್ ಹಿಂದೆ ಬೀಳುತ್ತದೆ. ಕಳೆದರೆ ಉಳಿಯುವುದು 38. ಇದನ್ನು ಹಾಗೇ ಬಿಟ್ಟರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ತಪ್ಪು ಕೂಡಿಕೊಳ್ಳುತ್ತದೆ. ಆದ್ದರಿಂದ ಆ ಗಡಿಯಾರಗಳನ್ನು ಹಾರಿಸುವ ಮುನ್ನವೇ ಬೇಕೆಂದೇ ಕೂದಲೆಳೆಯಷ್ಟು ನಿಧಾನ ಮಾಡಿ ಕಳಿಸುತ್ತಾರೆ. ಮಸಾಲೆ ದೋಸೆಯ ಹೋಟೆಲ್ ಹುಡುಕುವಾಗಲೂ ನಾವು ಸಾಪೇಕ್ಷತಾ ಸಿದ್ಧಾಂತದ ಋಣದಲ್ಲಿದ್ದೇವೆ.

2000ದ ಮೇ 1ರವರೆಗೆ ಈ ವರವನ್ನು ಅಮೆರಿಕದ ಸೇನೆ ಬೇಕೆಂದೇ ಮಂಕು ಮಾಡಿ ಜನರಿಗೆ ಕೊಡುತ್ತಿತ್ತು. ನೂರು ಮೀಟರಿನಷ್ಟು ತಪ್ಪು. ಅಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಆ ಮಂಕು ತೆಗೆಸುವುದಾಗಿ ಸಾರಿದರು. ರಾತ್ರಿ ಕಳೆಯುವುದರೊಳಗೆ ಜಗತ್ತಿನ ಎಲ್ಲ ಜಿಪಿಎಸ್‌ಗಳ ಕಣ್ಣಿನ ಪೊರೆ ಕಳಚಿತು. ಎರಡೇ ದಿನಕ್ಕೆ ಒರೆಗಾನ್ ರಾಜ್ಯದಲ್ಲೊಬ್ಬ ಕಾಡಿನಲ್ಲಿ ಡಬ್ಬಿ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶ ಹೇಳಿ, ‘ಹುಡುಕಿ’ ಎಂದ. ನಿಧಿ ಹುಡುಕುವ ಆಟ ಶುರು! 2016ರ ಜುಲೈಯಲ್ಲಿ ಪೋಕೆಮಾನ್ ಗೋ ಬಂದು ಜಗತ್ತೇ ಬೀದಿಗಿಳಿದು ಕಾಣದ ಪ್ರಾಣಿಗಳ ಬೇಟೆಗೆ ಹೊರಟಿದ್ದು ಅದೇ ಆಟದ ಮೊಮ್ಮಗು.

ನಮ್ಮ ಮನೆಯಂಗಳದ ಕಥೆ ಇನ್ನೂ ಸ್ವಾರಸ್ಯ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬ್ಯಾಲಾಳು ಎಂಬ ಹಳ್ಳಿಯಲ್ಲಿ, ಚಂದ್ರಯಾನದ ದನಿ ಕೇಳುವ ದೊಡ್ಡ ಬೋಗುಣಿ ಆಂಟೆನಾಗಳ ಮಗ್ಗುಲಲ್ಲೇ, ಇಸ್ರೊದ ನ್ಯಾವಿಗೇಷನ್ ಕೇಂದ್ರವಿದೆ. ಜಿಪಿಎಸ್‌ನಂಥ ನಮ್ಮದೇ ‘ನಾವಿಕ್’ ವ್ಯವಸ್ಥೆಯ ನಾಡಿ ನೋಡುವ ಜಾಗ. 2013ರ ಜುಲೈ 1ರಂದು ಮೊದಲ ಉಪಗ್ರಹ ಹಾರಿತು. ಕೆಲವೇ ವರ್ಷಗಳಲ್ಲಿ ಅದರೊಳಗಿನ ಮೂರೂ ಅಣುಗಡಿಯಾರಗಳು ಕೆಟ್ಟು ನಿಂತವು. ಹೊರದೇಶದಿಂದ ತರಿಸಿದ ಗಡಿಯಾರಗಳು. ಬದಲಿ ಕಳಿಸೋಣವೆಂದರೆ 2017ರ ಆಗಸ್ಟ್‌ನಲ್ಲಿ ರಾಕೆಟ್ಟಿನ ಮೂತಿಯ ಕವಚ ಬಿಡಿಸಿಕೊಳ್ಳದೆ, ಉಪಗ್ರಹ ಸಿಪ್ಪೆಯೊಳಗಿನ ಕಾಳಿನಂತೆ ಅಲ್ಲೇ ಸಿಕ್ಕಿಕೊಂಡಿತು. ಮರುವರ್ಷ ಮತ್ತೊಂದು ಹಾರಿತು. 2023ರ ಮೇ 29ರಂದು ಹೋದ ಎನ್‌ವಿಎಸ್-01ರ ಹೊಟ್ಟೆಯಲ್ಲಿ ಭಾರತದಲ್ಲೇ ಮಾಡಿದ ರುಬಿಡಿಯಂ ಗಡಿಯಾರವಿತ್ತು! ಸಮಯ ಸಿಕ್ಕಾಗ ಬ್ಯಾಲಾಳಿನ ಕಡೆ ಮುಖ ಮಾಡಿ ಒಂದು ನಮಸ್ಕಾರ ಹಾಕಿ. ‘ನಾನೆಲ್ಲಿದ್ದೇನೆ’ ಎಂದು ಕೇಳಲು ಇನ್ನೊಬ್ಬರ ಮನೆ ಬಾಗಿಲು ತಟ್ಟದಿರುವುದಕ್ಕೆ ಎಷ್ಟು ಬೆವರು ಬೇಕೆಂದು ಆ ಹಳ್ಳಿ ಬಲ್ಲದು.

ಫೋನಿನ ಕಿವಿ

ಆದರೂ ನನ್ನ ಚುಕ್ಕೆ ಗೋಡೆಯೊಳಗೆ ನುಗ್ಗಿತ್ತಲ್ಲ? ಗಲ್ಲಿಯಲ್ಲಿ ಉಪಗ್ರಹದ ದನಿ ನೇರ ಬರುವುದಿಲ್ಲ. ಗೋಡೆಯಿಂದ ಗೋಡೆಗೆ ಬಡಿದು ಸುತ್ತಿ ಬರುತ್ತದೆ. ಸುತ್ತಿ ಬಂದದ್ದು ತಡವಾಗಿ ಬರುತ್ತದೆ, ತಡವನ್ನು ಫೋನು ದೂರವೆಂದೇ ನಂಬುತ್ತದೆ. ಬಾವಿಯೊಳಗೆ ನಿಂತು ಕೂಗು ಎಲ್ಲಿಂದ ಬಂತೆಂದು ಹೇಳಿದ ಹಾಗೆ. ಬಯಲಿನಲ್ಲಿ ನಿಂತರೂ ಫೋನಿನ ಜಿಪಿಎಸ್ ಐದಾರು ಮೀಟರ್ ಆಚೀಚೆ. ಜೊತೆಗೆ ಅದು ‘ಎಲ್ಲಿ’ ಎಂದಷ್ಟೇ ಹೇಳುತ್ತದೆ. ‘ಎತ್ತ ಮುಖ’ ಎಂದು ಹೇಳದು. ಅದಕ್ಕೆ ದಿಕ್ಸೂಚಿಯಿದೆ, ನಿಜ. ಆದರೆ ಅವೆನ್ಯೂ ರಸ್ತೆಯ ಕಬ್ಬಿಣದ ಷಟರುಗಳ ನಡುವೆ ಅದಕ್ಕೂ ತಲೆ ಸುತ್ತು. ಮುಖ ಒಂದೇ ಒಂದು ಡಿಗ್ರಿ ತಪ್ಪಿದರೂ 20 ಮೀಟರ್ ದೂರದ ಬಾಣ 35 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ.

ಹಾಗಾದರೆ ಉಳಿದ ಸಂಖ್ಯೆಗಳು? ಇಲ್ಲಿ ಬರುತ್ತದೆ ನೋಡಿ ಫೋನಿನ ಕಿವಿ!

ನಮ್ಮ ಒಂದೊಂದು ಕಿವಿಯ ಆಳದಲ್ಲೂ ಮೂರು ಅರೆವೃತ್ತದ ನಾಳಗಳಿವೆ, ಒಂದಕ್ಕೊಂದು ಅಡ್ಡಲಾಗಿ. ತಲೆ ತಿರುಗಿದರೆ ಅವುಗಳೊಳಗಿನ ದ್ರವ ಹಿಂದೆ ಉಳಿದು ಸಣ್ಣ ರೋಮಗಳನ್ನು ಬಾಗಿಸುತ್ತದೆ. ಮಿದುಳಿಗೆ ತಿರುವು ತಿಳಿಯುತ್ತದೆ. ಪಕ್ಕದಲ್ಲೇ ಸುಣ್ಣದ ಪುಟ್ಟ ಹರಳುಗಳಿವೆ. ಬಸ್ಸು ಬ್ರೇಕ್ ಹಾಕಿದಾಗ ಮುಂದೆ ಜಾರಿ ‘ವೇಗ ಬದಲಾಯಿತು’ ಎನ್ನುವುದು ಅವೇ. ಫೋನಿನೊಳಗೆ, ಅಕ್ಕಿಕಾಳಿಗಿಂತ ಚಿಕ್ಕದರಲ್ಲಿ, ಇದೇ ಜೋಡಿ ಇದೆ. ಜೈರೊಸ್ಕೋಪಿನಲ್ಲಿ ಸಿಲಿಕಾನಿನ ಸೂಕ್ಷ್ಮ ತುಣುಕೊಂದು ಸದಾ ನಡುಗುತ್ತಿರುತ್ತದೆ. ಫೋನು ತಿರುಗಿದರೆ ಆ ನಡುಕ ಪಕ್ಕಕ್ಕೆ ಹೊರಳುತ್ತದೆ. ಚಂಡಮಾರುತವನ್ನು ಸುಳಿ ಸುತ್ತಿಸುವ ಕೊರಿಯಾಲಿಸ್ ಬಲವೇ ಈ ಚೂರನ್ನೂ ಹೊರಳಿಸುವುದು! ಸುಣ್ಣದ ಹರಳಿನ ಕೆಲಸಕ್ಕೆ ಆಕ್ಸೆಲೆರೊಮೀಟರ್. 2010ರ ಐಫೋನ್ 4ರಲ್ಲಿ ಜೈರೊಸ್ಕೋಪು ಮೊದಲ ಸಲ ಫೋನಿನೊಳಗೆ ಬಂತು.

ಈ ಕಿವಿ ಸೆಕೆಂಡಿಗೆ ನೂರಾರು ಸಲ ವರದಿ ಕೊಡುತ್ತದೆ. ಆದರೆ ಅದಕ್ಕೊಂದು ಶಾಪ. ಪ್ರತಿ ವರದಿಯಲ್ಲೂ ಇರುವ ಎಳ್ಳಿನಷ್ಟು ತಪ್ಪು ಕೂಡುತ್ತಾ ಕೂಡುತ್ತಾ ಬೆಟ್ಟವಾಗುತ್ತದೆ. ಕಣ್ಣು ಕಟ್ಟಿಕೊಂಡು ಹೆಜ್ಜೆ ಎಣಿಸುತ್ತಾ ಅಂಗಳ ದಾಟಿ ನೋಡಿ. ಹತ್ತು ಹೆಜ್ಜೆ ಸರಿ, ನೂರನೆಯ ಹೆಜ್ಜೆಗೆ ತುಳಸಿಕಟ್ಟೆಗೆ ಮುಗ್ಗರಿಸುತ್ತೀರಿ. ಕಣ್ಣು ಬೇಕೇ ಬೇಕು.

ಮೂಲೆ ಓದುವ ಕಣ್ಣು

ಕರೆಂಟು ಹೋದ ರಾತ್ರಿ ಅಪರಿಚಿತ ಮನೆಯಲ್ಲಿ ನೀರು ಕುಡಿಯಲು ಎದ್ದಿದ್ದೀರಿ. ಕೈಗೆ ಕಂಬ ಸಿಕ್ಕಿತು, ಆಮೇಲೆ ಬಾಗಿಲಿನ ಚೌಕಟ್ಟು, ಆಮೇಲೆ ಮೇಜಿನ ಮೂಲೆ. ಮನೆಯ ನಕ್ಷೆಯೂ ತಲೆಯಲ್ಲಿ ಬೆಳೆಯುತ್ತಿದೆ, ನಕ್ಷೆಯೊಳಗೆ ನೀವೆಲ್ಲಿದ್ದೀರೆಂಬುದೂ ಬೆಳೆಯುತ್ತಿದೆ. ಎರಡೂ ಒಟ್ಟಿಗೆ! ನಕ್ಷೆಯಿಲ್ಲದೆ ಜಾಗ ತಿಳಿಯದು, ಜಾಗ ತಿಳಿಯದೆ ನಕ್ಷೆ ಬರೆಯಲಾಗದು; ಆದರೂ ಮನುಷ್ಯ ತಡವರಿಸುತ್ತಾ ಎರಡನ್ನೂ ಸಾಧಿಸುತ್ತಾನೆ. ಈ ವಿದ್ಯೆಗೆ ತಂತ್ರಜ್ಞರು ಇಟ್ಟ ಹೆಸರು ‘ಸ್ಲ್ಯಾಮ್’.

2007ರಲ್ಲಿ ಆಕ್ಸ್‌ಫರ್ಡಿನ ಗೇಯೋರ್ಗ್ ಕ್ಲೈನ್ ಮತ್ತು ಡೇವಿಡ್ ಮರ್ರಿ ಒಂದೇ ಒಂದು ಸಾಧಾರಣ ಕ್ಯಾಮೆರಾದಿಂದ ಇದನ್ನು ಮಾಡಿ ತೋರಿಸಿದರು. ಮೇಜಿನ ಮೇಲೆ ಹರಡಿದ ಪುಸ್ತಕ, ಕಾಗದ, ಪೆನ್ನುಗಳ ನೂರಾರು ಮೂಲೆಗಳನ್ನು ಕ್ಯಾಮೆರಾ ಹಿಡಿಯುತ್ತಿತ್ತು. ಆ ಮೇಜೇ ಆಟದ ಬಯಲಾಗಿ ಕಲ್ಪನೆಯ ಬೊಂಬೆಗಳು ಅದರ ಮೇಲೆ ಓಡಾಡಿದವು. ಅವರ ಜಾಣ್ಮೆಯಿದ್ದದ್ದು ಕೆಲಸ ಹಂಚುವುದರಲ್ಲಿ. ಯಕ್ಷಗಾನದಲ್ಲಿ ವೇಷಧಾರಿ ಕುಣಿಯುತ್ತಿದ್ದರೆ ಭಾಗವತರು ಹಿಂದೆ ಕುಳಿತು ಪ್ರಸಂಗ ನಡೆಸುವುದಿಲ್ಲವೆ? ಹಾಗೆ ಪ್ರೋಗ್ರಾಮಿನ ಒಂದು ಭಾಗ ಪ್ರತಿ ಚಿತ್ರಕ್ಕೂ ಓಡಿ ‘ಈಗ ಎಲ್ಲಿ’ ಎಂದು ನೋಡುತ್ತಿತ್ತು. ಇನ್ನೊಂದು ನಿಧಾನಕ್ಕೆ ಕುಳಿತು ನಕ್ಷೆ ತಿದ್ದುತ್ತಿತ್ತು. ಹತ್ತು ವರ್ಷದ ನಂತರ, 2017ರಲ್ಲಿ, ಆಪಲ್‌ನ ಎಆರ್‌ಕಿಟ್ ಬಂದು ಕೋಟ್ಯಂತರ ಫೋನುಗಳಿಗೆ ಇಂಥ ಕಣ್ಣು ತೆರೆಯಿತು. ಬೆನ್ನಿಗೇ ಆಂಡ್ರಾಯ್ಡಿಗೆ ಎಆರ್‌ಕೋರ್.

ಅವೆನ್ಯೂ ರಸ್ತೆಯ ಮಿಣುಕು ಚುಕ್ಕೆಗಳ ಗುಟ್ಟು ಈಗ ತಿಳಿಯಿತು! ಫೋನು ಎದುರಿನ ಕಟ್ಟಡದ ಕಿಟಕಿ, ಸಜ್ಜ, ಬೋರ್ಡುಗಳ ಮೂಲೆಗಳನ್ನು ಹೆಕ್ಕಿತು. ಮೊದಲೇ ಸೆರೆಹಿಡಿದಿಟ್ಟ ಬೀದಿಚಿತ್ರಗಳ ಮೂಲೆಗಳೊಂದಿಗೆ ಜೋಡಿಸಿ ನೋಡಿತು. ‘ಈ ಮೂಲೆಗಳು ಹೀಗೆ ಕಾಣಬೇಕಾದರೆ ನಾನು ಇಲ್ಲೇ, ಇತ್ತಲೇ ಮುಖ ಮಾಡಿ ನಿಂತಿರಬೇಕು’ ಎಂದು ತೀರ್ಮಾನಿಸಿತು. ಕಣ್ಣಿನಿಂದ ಜಾಗ ಹಿಡಿಯುವ ಈ ಬಗೆಗೆ ವಿಪಿಎಸ್ ಎನ್ನುತ್ತಾರೆ. ಗೂಗಲ್ ತನ್ನ ಸ್ಟ್ರೀಟ್ ವ್ಯೂ ಚಿತ್ರರಾಶಿಯ ಮೇಲೆ ಕಟ್ಟಿದ ಇಂಥ ವ್ಯವಸ್ಥೆಯನ್ನು 2022ರ ಮೇ ತಿಂಗಳಲ್ಲಿ ಹೊರಗಿನ ತಂತ್ರಜ್ಞರಿಗೂ ತೆರೆಯಿತು. ಇದರಲ್ಲಿ ಬೆಂಗಳೂರಿಗೊಂದು ಹಳೇ ನಂಟಿದೆ. ಸ್ಟ್ರೀಟ್ ವ್ಯೂ ಕಾರು 2011ರಲ್ಲೇ ನಮ್ಮ ಬೀದಿಗಳಿಗೆ ಬಂದಿತ್ತು. ಪೊಲೀಸರ ಆಕ್ಷೇಪದಿಂದ ಕೆಲಸ ನಿಂತಿತು. ಹನ್ನೊಂದು ವರ್ಷ ಕಳೆದು, 2022ರ ಜುಲೈಯಲ್ಲಿ, ಭಾರತದ ಕಂಪನಿಗಳೇ ತೆಗೆದ ಚಿತ್ರಗಳೊಂದಿಗೆ ಅದು ಹತ್ತು ನಗರಗಳಲ್ಲಿ ತೆರೆದುಕೊಂಡಿತು.

ಯೋಚಿಸಿ! ನಾವು ‘ರಾಯರ ಮಠದ ಎದುರು, ಮುರಿದ ಕಾಂಪೌಂಡಿನ ಪಕ್ಕ’ ಎಂದು ದಾರಿ ಹೇಳುತ್ತೇವಲ್ಲ, ಕಂಪ್ಯೂಟರ್ ಕೊನೆಗೂ ಅಲ್ಲಿಗೇ ಬಂದು ತಲುಪಿತು. ಉಪಗ್ರಹದಿಂದ ಹೊರಟು ಮುರಿದ ಕಾಂಪೌಂಡಿಗೆ!

ಸೂರಿನ ಕೆಳಗೆ

ಸೂರಿನ ಕೆಳಗೆ ಆಕಾಶದ ದನಿ ಕೇಳದು. ಅಲ್ಲಿ ಬೇರೆಯದೇ ಮಾಯಾಬಜಾರು. ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣ 2017ರಲ್ಲಿ ತನ್ನೊಳಗೆ 2,000 ಬ್ಲೂಟೂತ್ ಬೀಕನ್‌ಗಳನ್ನು ಅಂಟಿಸಿತು. ಬ್ಯಾಟರಿಯಿಂದ ನಡೆಯುವ ಪುಟ್ಟ ಮಿಂಚುಹುಳಗಳು. ಅವುಗಳ ಮಿಡಿತ ಹಿಡಿದು ಪ್ರಯಾಣಿಕರ ಫೋನು ಬಾಣ ತೋರಿಸುವ ಹಾಗೆ. ಕೆಲವು ವೈಫೈ ಪೆಟ್ಟಿಗೆಗಳು ಫೋನಿನೊಡನೆ ‘ಹೋ’ ಎಂದರೆ ‘ಹೋ’ ಎಂದು ಕೂಗಾಡಿ, ಕೂಗಿನ ಹೋಗಿಬರುವ ಹೊತ್ತಿನಿಂದ ದೂರ ಅಳೆಯುತ್ತವೆ. ಒಂದೆರಡು ಮೀಟರಿನ ನಿಖರತೆ. 2019ರಿಂದ ಫೋನುಗಳಿಗೆ ಬಂದ ಅಲ್ಟ್ರಾ ವೈಡ್‌ಬ್ಯಾಂಡ್ ಚಿಪ್ಪು ಕೆಲವೇ ನ್ಯಾನೊಸೆಕೆಂಡ್ ಬಾಳುವ ಮಿಡಿತಗಳನ್ನು ಹೊಡೆದು ಗೇಣಿನೊಳಗೆ ಲೆಕ್ಕ ತರುತ್ತದೆ; ಸೋಫಾದ ಸಂದಿಗೆ ಬಿದ್ದ, ಅಂಥದೇ ಚಿಪ್ಪಿನ ಬಿಲ್ಲೆ ಕಟ್ಟಿದ ಬೀಗದ ಕೈಗೊಂಚಲಿಗೆ ಬಾಣ ಹಿಡಿದು ತೋರಿಸುತ್ತದೆ. ಇನ್ನು ಲೈಡಾರ್. 2020ರಲ್ಲಿ ಐಪ್ಯಾಡಿಗೆ, ಆಮೇಲೆ ಐಫೋನಿಗೆ ಬಂದದ್ದು. ಕಾಣದ ಬೆಳಕಿನ ಚುಕ್ಕೆಗಳನ್ನು ಐದು ಮೀಟರ್ ದೂರದವರೆಗೆ ಚೆಲ್ಲಿ, ಅವು ಮರಳುವ ಹೊತ್ತನ್ನು ಅಳೆದು, ಕತ್ತಲಲ್ಲೂ ಕೋಣೆಯ ಅಚ್ಚು ತೆಗೆಯುತ್ತದೆ. ಇಲ್ಲದ ಚೆಂಡು ಇರುವ ಮಂಚದ ಕೆಳಗೆ ಮರೆಯಾಗಬೇಕಾದರೆ ಮಂಚದ ಕಾಲು ಎಲ್ಲಿದೆಯೆಂದು ತಿಳಿಯಬೇಡವೆ?

ಇಲ್ಲಿ ಒಂದು ಕ್ಷಣ ಮೈ ನಡುಗಿದ್ದೂ ನಿಜ. ನಮ್ಮ ಮಂಚದ ಕಾಲು, ದೇವರ ಕೋಣೆಯ ಅಗಲ, ಯಾವ ಮೂಲೆಯಲ್ಲಿ ಎಷ್ಟು ಹೊತ್ತು ಕೂರುತ್ತೇವೆಂಬುದೆಲ್ಲ ಈ ಕಣ್ಣಿಗೆ ಬೀಳುತ್ತದೆ. ದಾರಿ ತೋರಿಸಲು ಕರೆದವನಿಗೆ ಮನೆಯ ಬಾಗಿಲನ್ನೂ ತೆರೆದಿದ್ದೇವೆ. ಕಂಡದ್ದನ್ನು ಆತ ಎಲ್ಲಿ ಬರೆದಿಡುತ್ತಾನೆಂದು ಕೇಳುವ ಹಕ್ಕು ಮನೆಯವರದ್ದೇ.

ಕಪ್ಪು ಬರೆಯಲಾರದ ಕನ್ನಡಕ

ಫೋನನ್ನು ಎಷ್ಟು ಹೊತ್ತು ಎತ್ತಿ ಹಿಡಿಯುವುದು? ಕೈ ಸೋತಿತು. ಬಂತು ಕನ್ನಡಕ. ಇವುಗಳಲ್ಲಿ ಎರಡು ಕುಲ. ಒಂದು, ಕಣ್ಣನ್ನು ಪೂರ್ತಿ ಮುಚ್ಚಿ, ಹೊರಗಿನದನ್ನು ಕ್ಯಾಮೆರಾದಲ್ಲಿ ಹಿಡಿದು ಒಳಗಿನ ಪರದೆಯಲ್ಲಿ ತೋರಿಸುವುದು. 2024ರ ಫೆಬ್ರುವರಿ 2ರಂದು ಅಮೆರಿಕದಲ್ಲಿ 3,499 ಡಾಲರಿಗೆ ಮಾರಾಟಕ್ಕೆ ಬಂದ ಆಪಲ್ ವಿಷನ್ ಪ್ರೊ ಈ ಕುಲದ್ದು. ಹನ್ನೆರಡು ಕ್ಯಾಮೆರಾ; ಹೊರಗೆ ನಡೆದದ್ದನ್ನು 12 ಮಿಲಿಸೆಕೆಂಡಿನಲ್ಲಿ ಕಣ್ಣಿಗೆ ಮುಟ್ಟಿಸಲೆಂದೇ ಪ್ರತ್ಯೇಕ ಚಿಪ್ಪು. ಏಕಿಷ್ಟು ಅವಸರ? ಕಣ್ಣು ಹೇಳಿದ್ದಕ್ಕೂ ಕಿವಿಯ ನಾಳಗಳು ಹೇಳಿದ್ದಕ್ಕೂ ತುಸು ತಾಳ ತಪ್ಪಿದರೆ ಸಾಕು, ಆಗುಂಬೆ ಘಾಟಿಯ ಬಸ್ಸಿನಲ್ಲಿ ಆಗುವ ಹಾಗೆ ಹೊಟ್ಟೆ ತೊಳಸುತ್ತದೆ!

ಇನ್ನೊಂದು ಕುಲ ಪಾರದರ್ಶಕ. ಕಣ್ಣಿಗೆ ನಿಜವೇ ಕಾಣುತ್ತದೆ, ಅದರ ಮೇಲೆ ಬೆಳಕಿನ ಚಿತ್ರ. ಇದರ ಮುತ್ತಜ್ಜ 1862ರ ಲಂಡನ್ನಿನ ರಂಗಮಂದಿರದಲ್ಲಿದ್ದಾನೆ: ಓರೆಯಾಗಿ ನಿಲ್ಲಿಸಿದ ಗಾಜಿನ ಹಾಳೆಯಲ್ಲಿ ಮರೆಯಲ್ಲಿದ್ದ ನಟನ ಬಿಂಬ ಮೂಡಿಸಿ, ವೇದಿಕೆಯ ಮೇಲೆ ದೆವ್ವ ಓಡಾಡಿಸಿದ ಜಾನ್ ಹೆನ್ರಿ ಪೆಪ್ಪರ್. ಇಂದು ಅದೇ ಗಾಜು ಕನ್ನಡಕದ ದಪ್ಪಕ್ಕೆ ಇಳಿದಿದೆ. ಅಂಚಿನಿಂದ ಒಳಬಿಟ್ಟ ಬೆಳಕು ಗಾಜಿನೊಳಗೇ ಪುಟಿದು ಪುಟಿದು ಹರಿದು, ಕಣ್ಣಿನ ಎದುರಿಗೆ ಬಂದಾಗ ಸೂಕ್ಷ್ಮ ಗೀರುಗಳಿಂದ ಹೊರಕ್ಕೆ ಚಿಮ್ಮುತ್ತದೆ. ಕಾಲುವೆಯ ನೀರು ತೂಬಿನಲ್ಲಿ ಗದ್ದೆಗೆ ಇಳಿದ ಹಾಗೆ. 2016ರಲ್ಲಿ ಬಂದ ಮೈಕ್ರೊಸಾಫ್ಟ್ ಹೊಲೊಲೆನ್ಸ್ ಈ ಜಾತಿಯದು. ಕಾರ್ಖಾನೆ, ಆಪರೇಷನ್ ಥಿಯೇಟರುಗಳವರೆಗೆ ಹೋಯಿತು; 2024ರಲ್ಲಿ ಅದರ ತಯಾರಿಕೆ ನಿಂತಿತು. ಅದೇ ವರ್ಷ ಮೆಟಾ ಕಂಪನಿ ‘ಓರಾಯನ್’ ಎಂಬ ಮಾದರಿ ತೋರಿಸಿತು. ನೂರು ಗ್ರಾಮಿಗೂ ಹಗುರ. ಗಾಜಿನ ಬದಲು ಸಿಲಿಕಾನ್ ಕಾರ್ಬೈಡ್. ಕತ್ತಿ ಮಸೆಯುವವನ ಸಾಣೆಚಕ್ರದಲ್ಲಿ ಇರುವುದೂ ಇದೇ ವಸ್ತು!

ಈ ಪಾರದರ್ಶಕ ಕನ್ನಡಕಗಳ ಒಂದು ಗುಟ್ಟು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಅವಕ್ಕೆ ಬರುವುದು ಬೆಳಕನ್ನು ಕೂಡಿಸುವುದೊಂದೇ, ಕಳೆಯಲು ಬಾರದು. ಆದ್ದರಿಂದ ಕೆಂಪು ಬರೆಯಬಲ್ಲವು, ಹಸಿರು ಬರೆಯಬಲ್ಲವು, ಕಪ್ಪು ಬರೆಯಲಾರವು! ಅವು ‘ಕಪ್ಪು’ ಎಂದು ಬರೆದ ಜಾಗದಲ್ಲಿ ಹಿಂದಿನ ಗೋಡೆ ಹಾಗೇ ಕಾಣುತ್ತದೆ. ಅದಕ್ಕೇ ಅವುಗಳ ಬೊಂಬೆಗಳಿಗೆ ನೆರಳು ಬೀಳುವುದು ಕಷ್ಟ. ದೆವ್ವಗಳಿಗೆ ನೆರಳಿಲ್ಲ ಎನ್ನುವ ಹಾಗೆ. 2022ರ ಮ್ಯಾಜಿಕ್ ಲೀಪ್ 2, ಗಾಜಿನ ಆಯ್ದ ಭಾಗಗಳನ್ನು ಮಂಕಾಗಿಸಿ ಈ ಕೊರತೆ ನೀಗಲು ಹೊರಟಿತು. ಎಂಥ ವಿಚಿತ್ರ! ನಮ್ಮ ಹಳ್ಳಿಯ ಅಂಜನವೆಲ್ಲ ಬರೀ ಕಪ್ಪು. ಈ ಕೋಟಿ ಕೋಟಿ ಡಾಲರಿನ ಅಂಜನಕ್ಕೆ ಕಪ್ಪೊಂದೇ ಒಲಿಯದು.

ನೂರು ಕುಳಿಗಳು

ಇಷ್ಟೆಲ್ಲ ಯಾಕೆ ಬೇಕು? ಹಂಪಿಗೆ ಹೋದವರು ಅರಮನೆಯ ಆವರಣದಲ್ಲಿ ಅರಸರ ಸಭಾಮಂಟಪವೆಂದು ತೋರಿಸುವ ಕಲ್ಲಿನ ಜಗುಲಿಯನ್ನು ನೋಡಿರುತ್ತೀರಿ. ಮೇಲೆ ಆಕಾಶ, ಕೆಳಗೆ ಸಾಲು ಸಾಲು ಕುಳಿಗಳು. ಆ ಕುಳಿಗಳಲ್ಲಿ ನೂರು ಮರದ ಕಂಬಗಳು ನಿಂತಿದ್ದವು. ಮರ ಹೋಯಿತು, ಕಂಬ ನಿಲ್ಲುತ್ತಿದ್ದ ಜಾಗ ಉಳಿಯಿತು.

ತೋರಣಗಲ್ಲಿನ ಬಳಿ ವಿದ್ಯಾನಗರದ ಕಲಾಧಾಮದಲ್ಲಿ ‘ಪ್ಲೇಸ್ ಹಂಪಿ’ ಎಂಬ ಅಚ್ಚರಿಯೊಂದಿದೆ. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ರೂಪಿಸಿದ್ದು. ಸುತ್ತ ಉರುಳೆಯಾಕಾರದ ಪರದೆ, ನಡುವೆ ತಿರುಗುವ ವೇದಿಕೆ. ಅದರ ಮೇಲೆ ನಿಂತು ತಿರುಗಿದರೆ ಹಂಪಿಯ ಬಂಡೆಗಳು ಮೂರು ಆಯಾಮದಲ್ಲಿ ಸುತ್ತುವರಿಯುತ್ತವೆ, ಬಂಡೆಗಳ ನಡುವೆ ದೇವತೆಗಳು ಚಲಿಸುತ್ತಾರೆ. ಅದು ಹಂಪಿಯನ್ನು ಕೋಣೆಗೆ ತಂದ ವಿದ್ಯೆ. ನನ್ನ ಕನಸು ತಿರುಗುಮುರುಗು: ಕೋಣೆಯ ವಿದ್ಯೆಯನ್ನು ಹಂಪಿಗೆ ಒಯ್ಯುವುದು. ಕನ್ನಡಕ ತೊಟ್ಟು ಆ ಜಗುಲಿ ಹತ್ತಿದರೆ ನೂರು ಕಂಬಗಳೂ ಎದ್ದು ನಿಲ್ಲಬೇಕು! ಬೆರಳಗಲ ತಪ್ಪಿದರೂ ಕಂಬ ಕುಳಿಯ ಪಕ್ಕ ತೇಲುತ್ತದೆ, ಕಣ್ಣು ಒಪ್ಪುವುದಿಲ್ಲ. ಉಪಗ್ರಹ, ಕಿವಿ, ಕಣ್ಣು ಎಲ್ಲ ಸೇರಿ ಕೊಟ್ಟ ಆ ಆರು ಸಂಖ್ಯೆಗಳು ನೆಟ್ಟಗಿದ್ದರೆ ಮಾತ್ರ ಐನೂರು ವರ್ಷದ ಹಿಂದಿನ ಕಂಬ ತನ್ನ ಕುಳಿಗೆ ಇಳಿಯುತ್ತದೆ.

ಕಳೆದ ವಾರ ಊರಿಗೆ ಹೋಗಿದ್ದೆ. ಬೈಂಡಾಗಿ ಬಂದ ಪುಸ್ತಕವನ್ನು ಅಮ್ಮನ ಕೈಗಿಟ್ಟು, ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಅಮ್ಮ ಹೂ ಕಟ್ಟುತ್ತಾ ಕೇಳಿಸಿಕೊಂಡಳು.

“ಅಂಜನದವನೂ ಹಾಗೇ ಕಣೋ. ಎಲೆ ಕೈಗೆ ಕೊಡೋ ಮೊದಲು ಸುಮಾರು ಹೊತ್ತು ಕೇಳ್ತಿದ್ದ. ಎಮ್ಮೆ ಕೊನೇಲಿ ಕಂಡಾಗ ನೀನೆಲ್ಲಿ ನಿಂತಿದ್ದೆ? ಯಾವ ಕಡೆ ಮುಖ ಮಾಡಿದ್ದೆ? ಹೊತ್ತು ಎಷ್ಟಾಗಿತ್ತು, ನೆರಳು ಎತ್ತ ಬಿದ್ದಿತ್ತು? ಎಲ್ಲ ಕೇಳಿ ಆಮೇಲೇ ಎಲೆ.”

ನಾನು ಬಾಯಿ ಬಿಟ್ಟುಕೊಂಡು ಕುಳಿತೆ. “ಎಮ್ಮೆ ಸಿಕ್ತಾ ಅಮ್ಮ?”

“ಸಿಕ್ತು. ಕೆರೆ ಏರಿ ಹಿಂದೆ.”

“ಎಲೆಯಲ್ಲಿ ಕೆರೆ ಕಾಣಿಸ್ತೇನು ಆ ಮಗುವಿಗೆ?”

ಅಮ್ಮ ದಾರಕ್ಕೆ ಗಂಟು ಹಾಕಿ ನಕ್ಕಳು. “ಆ ಮಗು ನಾನೇ ಕಣೋ. ಕೆರೆಯೂ ಕಾಣಲಿಲ್ಲ, ಎಮ್ಮೆಯೂ ಕಾಣಲಿಲ್ಲ. ಎಣ್ಣೆ ಅಂಜನ, ಮಿರಮಿರ ಮಿಂಚ್ತಿತ್ತು. ಅದರಲ್ಲಿ ಕಂಡಿದ್ದು ನನ್ನ ಮುಖ ಒಂದೇ.”